ಕೋಲ್ಡ್ ಸ್ಟೋರೇಜಿನಿಂದ ಇಂಗ್ಲೆಂಡಿಗೆ

ನಮ್ಮ ಮಾಮಾ ಜೀವಮಾನದಲ್ಲಿ ದೂರದ ಪ್ರಯಾಣ ಅಂತ ಮಾಡಿದ್ದು ಒಂದೇ ಕಡೆಗೆ. ಅದು ಆರನೆಯ ಶತಮಾನದ ಇಂಗ್ಲೆಂಡು. ಹುಬ್ಬಳ್ಳಿಯ ಮದುವೆಗೆ ಕರೆದರೆ "ಬಸ್ಸಿನ್ಯಾಗ ಹೊಟ್ಟಿ ತೊಳಸತೈತಿ" ಎಂದು ತಪ್ಪಿಸಿಕೊಳ್ಳುವ ಮನುಷ್ಯ, ಒಂದೂವರೆ ಸಾವಿರ ವರ್ಷ ಹಿಂದಕ್ಕೆ ಮಾತ್ರ ಮನಸ್ಸು ಬಂದಾಗಲೆಲ್ಲ ಹೋಗಿ, ಊಟದ ಹೊತ್ತಿಗೆ ಸರಿಯಾಗಿ ವಾಪಸ್ ಬರುತ್ತಾನೆ. (ಸೋದರಮಾವನಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಮಾಮಾನಿಗೆ ಬಹುವಚನ ಹಚ್ಚಿದರೆ ಏನೋ ಜಗಳವಾಗಿದೆ ಎಂದೇ ಅರ್ಥ.)

ಮಾಮಾ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸುಪರ್‌ವೈಸರ್. ಸೀಸನ್ನಿನಲ್ಲಿ ಬಂದ ಮೆಣಸಿನಕಾಯಿ ಚೀಲಗಳನ್ನು ತಂಪಿನಲ್ಲಿಟ್ಟು, ದರ ಏರಿದಾಗ ಹೊರತೆಗೆಯುವ ಆ ದೊಡ್ಡ ಕಟ್ಟಡದೊಳಗೆ ಸದಾ ಮಾಘಮಾಸ. ಹೊರಗೆ ಸದಾ ಬ್ಯಾಡಗಿ. ಎರಡರ ನಡುವೆ ಓಡಾಡುವವನು ಸ್ವೆಟರನ್ನು ಹಾಕಬೇಕು, ತೆಗೆಯಬೇಕು, ಮತ್ತೆ ಹಾಕಬೇಕು. ಮಾಮಾ ಈ ಸಮಸ್ಯೆಯನ್ನು ಒಂದೇ ಏಟಿಗೆ ಬಗೆಹರಿಸಿದ್ದಾನೆ: ತೆಗೆಯುವುದೇ ಇಲ್ಲ. ಡಾಂಬರು ಮೆತ್ತಗಾಗುವ ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರು, ಮಫ್ಲರು, ಕಿವಿ ಮುಚ್ಚುವ ಮಂಕಿ ಟೋಪಿ ಧರಿಸಿ ಪೇಟೆಯಲ್ಲಿ ನಡೆದು ಬರುವವನನ್ನು ಕಂಡು ಪರವೂರಿನವರು ದವಾಖಾನೆಯ ದಾರಿ ತೋರಿಸಿದ್ದುಂಟು. ಆ ಸ್ವೆಟರಿನ ಎಳೆ ಎಳೆಗೂ ಮೆಣಸಿನ ಘಾಟು ಹೊಕ್ಕಿದೆ. ಬೇರೆಯವರ ಮನೆಯಲ್ಲಿ ಯಜಮಾನ ಬಂದನೆಂದು ನಾಯಿ ಬಾಲ ಅಲ್ಲಾಡಿಸುತ್ತದೆ. ನಮ್ಮ ಮಾಮಾನ ಮನೆಯಲ್ಲಿ ಅತ್ತಿ ಸೀನುತ್ತಾಳೆ.

ಇಂಥವನು ಕಾದಂಬರಿ ಬರೆಯುತ್ತಿದ್ದಾನೆಂದು ತಿಳಿದಾಗ ನಾನು ಮೊದಲು ಕೇಳಿದ್ದು ಸಾಮಾನ್ಯ ಪ್ರಶ್ನೆ: "ಎಂಥಾ ಕಾದಂಬರಿ ಮಾಮಾ? ಸಾಮಾಜಿಕೋ, ಐತಿಹಾಸಿಕೋ?"

"ಗಿರಮಿಟ್ ತಿಂದೀಯಿಲ್ಲ?" ಎಂದ ಮಾಮಾ. "ಅದು ಮಂಡಕ್ಕಿಯೋ, ಉಳ್ಳಾಗಡ್ಡಿಯೋ, ಪುಠಾಣಿ ಹಿಟ್ಟೋ?"

ಹಾಗೆ. ಅದರಲ್ಲಿ ಯುದ್ಧವಿದೆ, ವಿಜ್ಞಾನವಿದೆ, ಒಂದು ಕೊಲೆಯ ಪತ್ತೆದಾರಿ ಇದೆ, ಪ್ರೇಮವಿದೆ, ನಡುನಡುವೆ ಮೆಣಸಿನ ಗಿಡದ ಎಲೆ ಮುಟುರು ರೋಗಕ್ಕೆ ಪರಿಹಾರವೂ ಇದೆ. ಇದನ್ನು ಅಚ್ಚು ಮಾಡಲು ಒಪ್ಪಿದವರು ರಾಣೆಬೆನ್ನೂರಿನ ಪ್ರೆಸ್ಸಿನ ಅಣ್ಣಾರು. ಲಗ್ನಪತ್ರಿಕೆ, ಬೀಜದ ಪಾಕೀಟು, ಚುನಾವಣೆಯ ಕರಪತ್ರ ಛಾಪಿಸಿ ಪಳಗಿದ ಕೈ ಅವರದು. ಅವರು ತಲೆ ಕೆರೆದುಕೊಂಡು, "ಗ್ರಂಥಾಲಯದಾಗ ಇದನ್ನ ಯಾವ ಕಪಾಟನ್ಯಾಗ ಇಡಬೇಕ್ರಿ?" ಎಂದು ಕೇಳಿದ್ದಕ್ಕೆ ಮಾಮಾ, "ಎಲ್ಲಾ ಕಪಾಟನ್ಯಾಗೂ ಒಂದೊಂದು ಇಡ್ಲಿ. ಓದಾವ್ರು ಎಲ್ಲಿಂದರ ಬರ್ಲಿ" ಎಂದಿದ್ದ.

ಮೂಲ ಕಥೆ ಮಾಮಾನಿಗೆ ಸಿಕ್ಕಿದ್ದು ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ, ಅವನು ಪಿಯುಸಿ ಓದುತ್ತಿದ್ದಾಗ. ಮಕ್ಕಳಿಗಾಗಿ ಕನ್ನಡಕ್ಕೆ ಇಳಿಸಿದ ಒಂದು ಪುಸ್ತಕ. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಹಾಳೆಗಳಿಲ್ಲ. ಇಂಗ್ಲೆಂಡಿನಲ್ಲಿ ಒಬ್ಬ ಹುಡುಗ ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ಕತ್ತಿಯನ್ನು ಎಳೆದು ರಾಜನಾಗುತ್ತಾನೆ. ಸರದಾರರಲ್ಲಿ ಮೇಲು ಕೀಳು ಬೇಡವೆಂದು ಎಲ್ಲರನ್ನೂ ದುಂಡು ಮೇಜಿನ ಸುತ್ತ ಕೂರಿಸುತ್ತಾನೆ. ಅದೇ ಕಥೆಯಲ್ಲಿ ಮುಂದೆ ಇನ್ನೊಬ್ಬ ರಾಜ ಬರುತ್ತಾನೆ. ಅವನಿಗೊಂದು ಗಾಯ; ಅದು ಮಾಯುವುದಿಲ್ಲ, ಅವನ ರಾಜ್ಯದಲ್ಲಿ ಹುಲ್ಲೂ ಚಿಗುರುವುದಿಲ್ಲ. ಯಾರಾದರೂ ಬಂದು ಸರಿಯಾದ ಒಂದು ಪ್ರಶ್ನೆ ಕೇಳಿದರೆ ಸಾಕು, ಗಾಯ ಮಾಯುತ್ತದೆ. ಆ ಪ್ರಶ್ನೆ ಯಾವುದೆಂದರೆ... ಅಲ್ಲಿಗೆ ಹಾಳೆ ಹರಿದಿದೆ.

ಬೇರೆ ಯಾರೇ ಆದರೂ ಮರುದಿನ ಇನ್ನೊಂದು ಪ್ರತಿ ಹುಡುಕುತ್ತಿದ್ದರು. ಮಾಮಾ ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಸೇರಿದ, ಮದುವೆಯಾದ, ಕೂದಲು ಬೆಳ್ಳಗೆ ಮಾಡಿಕೊಂಡ. ಊರವರ ಮಾಲನ್ನು ಕಾಯುತ್ತ ತಂಪಿನಲ್ಲಿ ಕಳೆದ ಅಷ್ಟೂ ವರ್ಷಗಳಲ್ಲಿ ತನ್ನದು ಅಂತ ಅವನು ಒಳಗೆ ಇಟ್ಟುಕೊಂಡದ್ದು ಇದೊಂದೇ.

"ಮೊಬೈಲ್‌ನ್ಯಾಗ ನೋಡಿ ಹೇಳ್ಲೇನು? ಒಂದು ನಿಮಿಷದ ಕೆಲಸ" ಎಂದೆ ನಾನು.

"ಬ್ಯಾಡ. ಆ ಹಾಳಿ ಹರದಿದ್ದು ನನ್ನ ಸಲುವಾಗಿ. ನೀ ಅದನ್ನ ಅಂಟಸಬ್ಯಾಡ."

ನಾನು ಗುಟ್ಟಾಗಿ ನೋಡಿದೆ ಅನ್ನಿ. ಅಲ್ಲಿಯೂ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಹೇಳುತ್ತಾರೆ. ಒಂದಕ್ಕೂ ಗಾಯ ಮಾಯುವಂಥ ಶಕ್ತಿ ಇದ್ದಂತೆ ನನಗೆ ಕಾಣಲಿಲ್ಲ. ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಳ್ಳುವುದು ನನಗೆ ಸುಲಭವಲ್ಲ ಎನ್ನುವುದನ್ನು ಇಲ್ಲಿ ಹೇಳಬೇಕು. ನಾನು ಹಾವೇರಿಯಲ್ಲಿ ಕಾಲೇಜು ಓದುವವಳು. ಓದಿಗಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಪುರಾವೆ ಇಲ್ಲದ ಮಾತನ್ನು ಅಜ್ಜಿ ಹೇಳಿದರೂ ಒಪ್ಪುವವಳಲ್ಲ, ಜ್ಯೋತಿಷಿ ಹೇಳಿದರಂತೂ ಜಗಳಕ್ಕೇ ಹೋಗುವವಳು. ಈ ಕಾರಣಕ್ಕೇ ಮಾಮಾ ನನ್ನನ್ನು ಕಾದಂಬರಿಗೆ ನೇಮಿಸಿಕೊಂಡ.

"ನೀ ತೂತು ಹುಡುಕು" ಎಂದ. "ಚೀಲದ ಬಾಯಿ ಹೊಲಿಯೂಕಿಂತ ಮೊದ್ಲ ತೂತು ನೋಡಬೇಕು. ತೂತಿಲ್ಲ ಅಂತ ನೀ ಅಂದ ದಿನ ಛಾಪಸ್ತೇನಿ. ಅಲ್ಲೀತನಕ ಇಲ್ಲ."

ನನ್ನಂಥವಳ ಕೈಗೆ ಇಂಥ ಅಧಿಕಾರ ಕೊಡಬಹುದೇ? ಮೊದಲ ಅಧ್ಯಾಯಕ್ಕೇ ಕೈ ಹಾಕಿದೆ. ಕಥಾನಾಯಕ ಒಬ್ಬ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ. ತನ್ನ ಮಾಲು ನೋಡಲು ಕೋಲ್ಡ್ ಸ್ಟೋರೇಜಿಗೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತದೆ. ಮತ್ತೆ ತೆರೆದಾಗ ಹೊರಗೆ ಎಪಿಎಂಸಿ ಇಲ್ಲ, ಇಂಗ್ಲೆಂಡಿನ ಕಾಡು ಇದೆ.

"ಮೆಣಸಿನಕಾಯಿ ಇಡೂ ಜಾಗ ಕಾಲಯಂತ್ರ ಹೆಂಗ ಆಗತೈತಿ ಮಾಮಾ?"

"ಹೋದ ವರ್ಷ ಇಟ್ಟ ಕಾಯಿ ಈ ವರ್ಷ ತಗದ್ರ ಅದ ಬಣ್ಣ, ಅದ ಘಾಟು. ಹೊರಗ ಒಂದು ವರ್ಷ ಹೋತು. ಒಳಗ ಹೋತೇನು?"

"ಇಲ್ಲ."

"ಅಂದ್ರ ಒಳಗ ವ್ಯಾಳ್ಯಾ ನಿಂತೈತಿ. ಓಡೂ ಲಾರಿ ಹಿಂದಕ್ಕ ದಬ್ಬಾಕ ಆಗೂದಿಲ್ಲ, ಖರೇ. ನಿಂತ ಲಾರಿ?"

ಎಷ್ಟೋ ಜನ ನಿರ್ಣಾಯಕರ ಮುಂದೆ ಮಾತಾಡಿದವಳು ನಾನು. ನಿಂತ ಲಾರಿಯ ಮುಂದೆ ನಿಂತುಬಿಟ್ಟೆ.

ಎರಡನೆಯ ಏಟು ಭಾಷೆಯದು. ಕಾದಂಬರಿಯಲ್ಲಿ ದುಂಡು ಮೇಜಿನ ಸರದಾರರೆಲ್ಲ "ಹೌದೋ ಹುಲಿಯಾ" ಎಂದು ಪರಸ್ಪರ ಬೆನ್ನು ತಟ್ಟುತ್ತಾರೆ. "ಆರನೇ ಶತಮಾನದ ಇಂಗ್ಲೆಂಡಿನ್ಯಾಗ ಬ್ಯಾಡಗಿ ಕನ್ನಡ ಎಲ್ಲಿಂದ ಬಂತು?" ಎಂದು ಮೇಜು ಗುದ್ದಿದೆ.

ಮಾಮಾ ನಿಧಾನವಾಗಿ ಮಫ್ಲರು ಸರಿಮಾಡಿಕೊಂಡ. "ಆವಾಗ ಕನ್ನಡ ಇತ್ತೇನು?"

"ಇತ್ತು. ಶಾಸನ ಅದಾವ."

"ಆವಾಗ ಈಗಿನ ಇಂಗ್ಲಿಷ್ ಇತ್ತೇನು?"

"...ಇರಲಿಲ್ಲ."

"ಮತ್ತ? ಇಲ್ಲದ ಭಾಷಾ ಮಾತಾಡೂದಕಿಂತ ಇದ್ದ ಭಾಷಾ ಮಾತಾಡೂದು ಚಲೋ ಅಲ್ಲೇನು?"

ಮೂರನೆಯದು ಬ್ರಹ್ಮಾಸ್ತ್ರ. ಆ ಕಾಲದಲ್ಲಿ ಇಂಗ್ಲೆಂಡು ಹೋಗಲಿ, ಬ್ಯಾಡಗಿಯಲ್ಲೇ ಮೆಣಸಿನಕಾಯಿ ಇರಲಿಲ್ಲ, ಅದು ಎಷ್ಟೋ ಶತಮಾನಗಳ ನಂತರ ಹಡಗಿನಲ್ಲಿ ಬಂದದ್ದು ಎಂದು ಪುಸ್ತಕಗಳನ್ನು ಎದುರಿಗೆ ಹರಡಿದೆ. ಈ ನಾಯಕ ಜೊತೆಗೆ ಹೊತ್ತೊಯ್ದ ಚೀಲದ ಕಾಯಿಗಳಿಂದ ರಾಜನ ಧ್ವಜಕ್ಕೆ ಕೆಂಪು ಬಣ್ಣ ಹಾಕಿಸುತ್ತಾನೆ. ಹಾಗಿದ್ದರೆ ಇತಿಹಾಸದಲ್ಲಿ ಒಂದು ಬೀಜವೂ ಏಕೆ ಉಳಿಯಲಿಲ್ಲ?

ಮಾಮಾ ಪುಸ್ತಕಗಳನ್ನು ಗೌರವದಿಂದ ನೋಡಿದ. "ಉಳದ ಮಾಲೆಲ್ಲಾ ರಿಟರ್ನ್ ಬಂತು" ಎಂದ.

ಇನ್ನು ದುಂಡು ಮೇಜಿನ ವಿಷಯ. ಬ್ಯಾಡಗಿಯಲ್ಲಿ ದರ್ಜಿ ಕಾಕಾನ ಅಂಗಡಿಯ ಮುಂದೆ ಕರೆಂಟಿನ ಕೇಬಲ್ ಸುತ್ತಿ ಬರುವ ದೊಡ್ಡ ಮರದ ಗಾಲಿಯೊಂದು ಮಲಗಿದೆ. ಚಹಾ ಇಡಲು ಅದೇ ಮೇಜು. ಮಾಮಾ, ದರ್ಜಿ ಕಾಕಾ, ನಿವೃತ್ತ ಪಿ.ಟಿ. ಮಾಸ್ತರು ಮೂವರೂ ಸಂಜೆಗೆ ಅಲ್ಲಿ ಸೇರುತ್ತಾರೆ. ದುಂಡು ಮೇಜಿಗೆ ಮೇಲ್ತುದಿ ಕೆಳತುದಿ ಇಲ್ಲ, ಎಲ್ಲರೂ ಸಮಾನರು ಎಂಬ ರಾಜನ ತತ್ವವನ್ನು ಮಾಮಾ ಇಲ್ಲಿಯೇ ಪರೀಕ್ಷಿಸಿದ್ದು. ತತ್ವ ಎರಡೇ ದಿನ ಉಳಿಯಿತು. ಮೇಜು ದುಂಡಗಿದ್ದರೇನು, ಬೇವಿನ ಮರದ ನೆರಳು ದುಂಡಗಿಲ್ಲವಲ್ಲ. ಬಿಸಿಲಿನ ಬದಿಗೆ ಕೂತವನು ಸಾಮಂತ, ನೆರಳಿನ ಬದಿಗೆ ಕೂತವನು ಚಕ್ರವರ್ತಿ. ಸೂರ್ಯ ಜರುಗಿದ ಹಾಗೆ ಮೂವರೂ ಸ್ಟೂಲು ಎತ್ತಿಕೊಂಡು ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಕಾದಂಬರಿಯ ಐದನೆಯ ಅಧ್ಯಾಯದಲ್ಲಿ ಸರದಾರರು ಯುದ್ಧಕ್ಕೆ ಮೊದಲು ಮೇಜನ್ನು ಸುತ್ತುವ ಒಂದು ಗಂಭೀರ ವಿಧಿ ಬರುತ್ತದೆ. ಅದರ ಮೂಲ ಇದು.

ಮೂಲ ಕಥೆಯಲ್ಲಿ ಸರೋವರದಿಂದ ಒಂದು ಕೈ ಮೇಲೆದ್ದು ರಾಜನಿಗೆ ಎರಡನೆಯ ಕತ್ತಿಯೊಂದನ್ನು ಕೊಡುತ್ತದೆಯಂತೆ. ಮಾಮಾ ಆ ದೃಶ್ಯವನ್ನು ಗಳಗನಾಥದಲ್ಲಿ, ತುಂಗಭದ್ರೆಗೆ ವರದೆ ಸೇರುವಲ್ಲಿ ಇಟ್ಟಿದ್ದ. "ಇಂಗ್ಲೆಂಡಿನ ಕತ್ತಿ ಗಳಗನಾಥದಾಗ ಯಾಕ ಏಳತೈತಿ?" ಎಂದು ಕೇಳಿದೆ. "ಎರಡು ಹೊಳಿ ಕೂಡಿದಲ್ಲಿ ಎರಡು ಕಾಲ ಕೂಡೂದಿಲ್ಲೇನು?" ಎಂದ. ಇಷ್ಟು ಚೆಂದವಾಗಿ ತಪ್ಪು ಮಾತಾಡುವವನನ್ನು ಏನು ಮಾಡುವುದು?

ಕೈ ನೀರಿನಿಂದ ಎಷ್ಟು ಮೇಲೆದ್ದರೆ ಚೆಂದ ಎಂಬುದನ್ನು ಕಣ್ಣಾರೆ ನೋಡಬೇಕೆಂದು ಒಂದು ಭಾನುವಾರ ನಮ್ಮನ್ನೆಲ್ಲ ಅಲ್ಲಿಗೆ ಹೊರಡಿಸಿದ. ನೀರಿಗಿಳಿಯಲು ಒಪ್ಪಿದವರು ಪಿ.ಟಿ. ಮಾಸ್ತರು, ಕೈಯಲ್ಲಿ ಕತ್ತಿಯ ಬದಲು ದರ್ಜಿ ಕಾಕಾನ ಅಳತೆಗೋಲು. ಬೇಸಿಗೆಯಾದ್ದರಿಂದ ದಂಡೆಯ ಬಳಿ ನೀರು ಸೊಂಟದವರೆಗಷ್ಟೇ ಇತ್ತು. ಮಾಸ್ತರು ಮೂಗು ಹಿಡಿದು ಕುಕ್ಕರಗಾಲಲ್ಲಿ ಮುಳುಗಿ, ಗೋಲು ಹಿಡಿದ ಕೈಯನ್ನು ಮೇಲೆತ್ತಿದರು.

"ಇನ್ನೊಂಚೂರು ಮ್ಯಾಲ!" ಎಂದು ಮಾಮಾ ದಂಡೆಯಿಂದ ಕೂಗಿದ. ನೀರೊಳಗಿದ್ದವರಿಗೆ ಕೇಳುವುದುಂಟೇ? ಅರಿವೆ ಒಗೆಯುತ್ತಿದ್ದ ಹೆಂಗಸರಿಗೆ ಮಾತ್ರ ಚೆನ್ನಾಗಿ ಕೇಳಿತು. ಹೊಳೆಯಲ್ಲಿ ಒಂದು ಕೈ, ದಂಡೆಯಲ್ಲಿ ಮಂಕಿ ಟೋಪಿಯವನೊಬ್ಬ ಕೂಗುತ್ತಿದ್ದಾನೆ. ಇನ್ನೇನು ಬೇಕು? ಒಬ್ಬಾಕೆ ಸೀರೆ ಎತ್ತಿಕಟ್ಟಿ ನೀರಿಗಿಳಿದು ಮಾಸ್ತರ ಕೂದಲು ಹಿಡಿದು ದಂಡೆಗೆ ಎಳೆದು ಹಾಕಿದಳು.

"ಯಜ್ಜಾ, ಈ ವಯಸ್ಸಿನ್ಯಾಗ ಸಾಯುವಂಥಾದ್ದೇನಾಗಿತ್ತು ನಿನಗ?" ಎಂದು ಆಕೆ ಬೈದಳು.

ಮಾಸ್ತರು ನೀರು ಉಗುಳುತ್ತ, "ಸಾಯಾಕ ಅಲ್ಲವಾ, ಕಾದಂಬರಿ ಸಲುವಾಗಿ" ಎಂದರು.

"ಯಾರಾಕಿ?" ಎಂದಳು ಆಕೆ.

ಹೀಗೆ ಎಲ್ಲ ಅಧ್ಯಾಯಗಳೂ ನನ್ನ ಕೈ ದಾಟಿ ಹೋದವು. ಉಳಿದದ್ದು ಕೊನೆಯದೊಂದೇ: ನಾಯಕ ಗಾಯಗೊಂಡ ರಾಜನ ಮುಂದೆ ನಿಂತಿದ್ದಾನೆ, ಪ್ರಶ್ನೆ ಕೇಳಬೇಕು. ಪ್ರಶ್ನೆ ಯಾವುದೆಂದು ಮಾಮಾನಿಗೇ ಗೊತ್ತಿಲ್ಲ. ತಿಂಗಳುಗಳೇ ಕಳೆದವು. ನಾಯಕ ಪಾಪ, ಚೀಲ ಹೊತ್ತು ನಿಂತೇ ಇದ್ದ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಏನು ಮಾಡುತ್ತಾರೆ? ಮೊದಲು ಬರೆದು ಮುಗಿಸುತ್ತಾರೆ. ಮಾಮಾ ಮೊದಲು ಆಮಂತ್ರಣ ಪತ್ರಿಕೆ ಹೊಡೆಸಿದ. "ತಾರೀಖು ಇಟ್ಕೊಂಡ್ರ ತಲಿ ತಾನ ಓಡತೈತಿ" ಎಂಬುದು ಅವನ ಲೆಕ್ಕ. ಬಿಡುಗಡೆಗೆ ಹಾವೇರಿಯಲ್ಲಿ ಒಂದು ಸಭಾಭವನ ಹಿಡಿದಾಯಿತು. ಪ್ರೆಸ್ಸಿನ ಅಣ್ಣಾರ ಹತ್ತಿರ ಇದ್ದದ್ದು ಲಗ್ನಪತ್ರಿಕೆಯ ಮಾದರಿ ಮಾತ್ರ. ಹೀಗಾಗಿ ಮೇಲೆ ಗಣಪತಿ, ಎರಡೂ ಬದಿಗೆ ಬಾಳೆಕಂಬ, ನಡುವೆ ವರನ ಜಾಗದಲ್ಲಿ ಮಾಮಾನ ಹೆಸರು, ವಧುವಿನ ಜಾಗದಲ್ಲಿ ಕಾದಂಬರಿಯ ಹೆಸರು, ಕೆಳಗೆ 'ಸಕುಟುಂಬ ಪರಿವಾರ ಸಮೇತರಾಗಿ ಬಂದು ಹರಸಬೇಕು'. ಮೂಲೆಗೆ ಅರಿಶಿನ ಹಚ್ಚಿಕೊಂಡು ಅದು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ಊರುಗಳಲ್ಲಿ ಮನೆಮನೆಗೆ ಹೋಯಿತು.

ಹಲಗೇರಿಯಿಂದ ಅತ್ತಿಯ ತಂಗಿ ಗಾಬರಿಯಿಂದ ಫೋನು ಮಾಡಿದಳು. ಅತ್ತಿ ಸ್ಪೀಕರಿಗೆ ಹಾಕಿದಳು, ನಾವೆಲ್ಲ ಕೇಳಿದೆವು.

"ಏನಕ್ಕಾ ಇದು, ಈ ವಯಸ್ಸಿನ್ಯಾಗ ಭಾವಾರಿಗೆ?"

"ಏನ್ ಮಾಡ್ಲೇ ತಂಗಿ" ಎಂದಳು ಅತ್ತಿ, ಅಕ್ಕಿ ಆರಿಸುತ್ತ. "ನನಗಿಂತ ಮೊದ್ಲಿಂದ ಆಕಿ ಇವರ ತಲ್ಯಾಗ ಅದಾಳ. ಈಗ ಮದಿವಿ ಮಾಡ್ಕೊಳ್ಳಾಕತ್ತಾರ. ನಾನ ಮುಂದ ನಿಂತು ಮಾಡಸಾಕತ್ತೇನಿ."

"ಆಕಿ ನೋಡಾಕ ಹೆಂಗದಾಳ?"

"ದಪ್ಪ ಅದಾಳ. ಇನ್ನಾ ಕೊನಿ ಕಂಡಿಲ್ಲ."

ನಗೆಯ ನಡುವೆ ನನಗೆ ಲೆಕ್ಕ ಹೊಳೆಯಿತು. "ಮಾಮಾ, ಕೊನೇ ಅಧ್ಯಾಯ ಆಗದಿದ್ರ ತಾರೀಖು ಮುಂದ ಹಾಕಬಹುದಲ್ಲ?" ಎಂದೆ. ಅತ್ತಿ ಅಕ್ಕಿಯಿಂದ ತಲೆ ಎತ್ತಿ ನನ್ನನ್ನು ನೋಡಿದಳು.

"ಮೊದಲನೇ ಪತ್ರಿಕಿ ಕದರಮಂಡಲಗಿ ಹನುಮಪ್ಪನ ಮುಂದ ಇಟ್ಟು ಬಂದಾರವಾ. ದೇವರಿಗೆ ಬಾ ಅಂತ ಹೇಳಿ ಬಂದಮ್ಯಾಲ, ಬರಬ್ಯಾಡ ಅಂತ ಮತ್ತ ಹೋಗಿ ಹೇಳ್ತಾರೇನು?"

ದೇವರ ಕ್ಯಾಲೆಂಡರಿನ ವಿಷಯದಲ್ಲಿ ನನ್ನದೇ ಆದ ವಾದಗಳಿದ್ದವು. ಆದರೆ ಮಾಮಾನ ಮುಖ ನೋಡಿ ಆಡಲಿಲ್ಲ. ಊರೆಲ್ಲ ಬರುತ್ತದೆ. ಕೊನೆಯಿಲ್ಲದ ಪುಸ್ತಕ ಹಿಡಿದು ವೇದಿಕೆ ಹತ್ತುವುದೋ, ಏನೋ ಒಂದು ಸುಳ್ಳು ಪ್ರಶ್ನೆ ತುರುಕಿ ಇಷ್ಟು ವರ್ಷ ಕಾಯ್ದದ್ದನ್ನು ಹಾಳು ಮಾಡುವುದೋ? ಎರಡೂ ಅವನಿಗೆ ಆಗದ ಮಾತು. ಆ ದಿನದಿಂದ ಅವನ ಊಟ ಕಡಿಮೆಯಾಯಿತು. ಅತ್ತಿ ಚೇಷ್ಟೆ ನಿಲ್ಲಿಸಿದಳು. ಅದು ಇನ್ನೂ ಕೆಟ್ಟ ಲಕ್ಷಣ.

ಪ್ರಶ್ನೆಗಾಗಿ ಎಲ್ಲರೂ ಹುಡುಕತೊಡಗಿದೆವು. ಕೇಬಲ್ಲಿನ ಮೇಜಿನ ಸುತ್ತ ಸಭೆ ಸೇರಿತು.

"'ಯಾವೂರಾತ್ರಿ, ಯಾರ ಪೈಕಿ?' ಅಂತ ಕೇಳ್ಲಿ" ಎಂದರು ಪಿ.ಟಿ. ಮಾಸ್ತರು. "ನಮ್ಮ ಕಡೆ ಯಾವ ಮಾತು ಸುರು ಆಗಬೇಕಂದ್ರೂ ಇದ ಅಲ್ಲೇನು?"

"ಆತನ ಕ್ವಾಟಿಗೆ ಹೋಗಿ ಆತನ್ನ ಯಾವೂರು ಅಂತ ಕೇಳ್ತಾರೇನ್ರಿ ಮಾಸ್ತರ?" ಎಂದ ಮಾಮಾ.

"'ಊಟ ಆತೇನ್ರಿ?' ಅಂತ ಕೇಳ್ಲಿ" ಎಂದ ದರ್ಜಿ ಕಾಕಾ.

ಇದಕ್ಕೆ ಮಾಮಾ ಚಹಾದ ಕಪ್ಪು ಕೆಳಗಿಟ್ಟ. "ಚಲೋ ಐತಿ. ಆದ್ರ ದೋಸ್ತ, ಊಟ ಆತೇನು ಅಂತ ಎಲ್ಲಾರೂ ಕೇಳ್ತಾರ. ಇಲ್ಲ ಅಂದ್ರ ಏನ್ ಮಾಡೂದು ಅಂತ ಯಾರಿಗೂ ಗೊತ್ತಿಲ್ಲ" ಎಂದ.

ನನ್ನ ಸರದಿ ಬಂತು. "'ನಿನಗ ರಾಜ್ಯ ಆಳೂ ಹಕ್ಕು ಕೊಟ್ಟಾವ್ರು ಯಾರು?' ಅಂತ ಕೇಳ್ಲಿ ಮಾಮಾ. ನಿಜವಾದ ಪ್ರಶ್ನೆ ಅಂದ್ರ ಅದು."

ಮಾಮಾ ನನ್ನ ತಲೆಯ ಮೇಲೆ ಮೆಲ್ಲಗೆ ಮೊಟಕಿದ. "ಗಾಯ ಆದಾವ್ಗ ಹಿಂಗ ಕೇಳ್ತಾರೇನು ಹುಚ್ಚಿ? ನಿನ್ನ ಪ್ರಶ್ನಿಗೆ ಇನ್ನೊಂದು ಗಾಯ ಆಗತೈತಿ."

ಬಿಡುಗಡೆಗೆ ವಾರವಿತ್ತು. ಕೊನೆಯ ಅಧ್ಯಾಯದ ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿತ್ತು. ಪ್ರೆಸ್ಸಿನ ಅಣ್ಣಾರು ದಿನಾ ಫೋನು ಮಾಡುತ್ತಿದ್ದರು. ಮಾಮಾ ದಿನಾ "ನಾಳೆ" ಅನ್ನುತ್ತಿದ್ದ.

ಅದೇ ವಾರ ಹಾವೇರಿಯಲ್ಲಿ ನನ್ನದೊಂದು ಚರ್ಚಾಸ್ಪರ್ಧೆಯ ಅಂತಿಮ ಸುತ್ತು ಇತ್ತು. ವಿಷಯ ನನಗೆ ಕರತಲಾಮಲಕ. ವೇದಿಕೆ ಹತ್ತಿದೆ, ಎದುರಾಳಿಯ ಮೊದಲ ವಾದವನ್ನು ಹರಿದು ಹಾಕಿದೆ, ಎರಡನೆಯದಕ್ಕೆ ಕೈಯೆತ್ತಿದೆ. ಒಂದು ವಾಕ್ಯದ ನಡುವೆ, ಮುಂದಿನ ಶಬ್ದ ಬರಲಿಲ್ಲ. ಕಾದೆ. ಅದರ ಹಿಂದಿನವೂ ಇರಲಿಲ್ಲ. ಮೈಕು ನನ್ನ ಉಸಿರನ್ನಷ್ಟೇ ಇಡೀ ಸಭಾಂಗಣಕ್ಕೆ ಕೇಳಿಸಿತು. ಯಾರೋ ಪಾಪ ಅನ್ನಿಸಿ ಚಪ್ಪಾಳೆ ತಟ್ಟಿದರು. ಗಂಟೆ ಹೊಡೆಯಿತು, ಇಳಿದೆ. ಸೋತದ್ದಾದರೆ ತಕರಾರು ಎತ್ತಬಹುದು, ಅಂಕ ಕೇಳಬಹುದು. ಮಾತೇ ಬರದಿದ್ದಕ್ಕೆ ಯಾರ ಮೇಲೆ ವಾದ ಹೂಡುವುದು?

ಮನೆಗೆ ಹೋಗಲು ಮನಸ್ಸಾಗದೆ ಬ್ಯಾಡಗಿ ಬಸ್ಸು ಹತ್ತಿದೆ. ಕೋಲ್ಡ್ ಸ್ಟೋರೇಜಿನ ಮುಂದಿನ ಕಟ್ಟೆಯ ಮೇಲೆ ಖಾಲಿ ಗೋಣಿಚೀಲಗಳನ್ನು ಒಟ್ಟಿದ್ದರು. ಅದರ ಮೇಲೆ ಕೂತೆ. ಅಳುವವರಿಗೆ ಅದು ಅನುಕೂಲದ ಜಾಗ. ಘಾಟಿಗೆ ಅಲ್ಲಿ ಎಲ್ಲರ ಕಣ್ಣಲ್ಲೂ ನೀರಿರುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ಆದರೂ ನನಗೆ ಅಳು ಬರಲಿಲ್ಲ.

ದಾರಿಯಲ್ಲಿ ಹೊರಟಿದ್ದ ದರ್ಜಿ ಕಾಕಾ, ಪಿ.ಟಿ. ಮಾಸ್ತರು ನನ್ನನ್ನು ಕಂಡು ಬಂದರು.

"ಏನವಾ, ಗೆದ್ದೆಲ್ಲ?" ಎಂದ ಕಾಕಾ.

"ಇಲ್ಲ."

"ಯಾಕ? ಬೆಳಿಗ್ಗೆ ಏನರ ತಿಂದಿದ್ದೆಲ್ಲ? ಖಾಲಿ ಹೊಟ್ಟಿಲೆ ಹೋಗಿದ್ದೇನು?" ಎಂದರು ಮಾಸ್ತರು.

"ತಿಂದಿದ್ದೆ."

"ನಿರ್ಣಾಯಕರು ಯಾವೂರಾವ್ರು? ಎದುರಿಗಿದ್ದಾವ್ರ ಕಡೇವ್ರು ಇದ್ದಿರಬೇಕು" ಎಂದ ಕಾಕಾ.

"ಅಲ್ರಿ."

"ಮತ್ತ ಹೆಂಗ ಸೋತಿ?"

ನಿಜ ಹೇಳಬೇಕೆಂದರೆ ಒಳ್ಳೆಯ ಮನುಷ್ಯರು. ಒಂದೊಂದು ಪ್ರಶ್ನೆಯೂ ನ್ಯಾಯವಾದದ್ದೇ. ಒಂದೊಂದಕ್ಕೂ ನನಗೆ ಇನ್ನಷ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಅವರು ಚಹಾ ತರುತ್ತೇವೆಂದು ಹೋದರು.

ಹಿಂದೆ ಆ ದೊಡ್ಡ ಬಾಗಿಲು ತೆರೆದು, ತಂಪು ಗಾಳಿ ಹೊಗೆಯ ಹಾಗೆ ಹೊರಗೆ ಉರುಳಿತು. ಮಾಮಾ ಬಂದ. ನನ್ನನ್ನು ನೋಡಿದ. ಗೆದ್ದಿಯೋ ಎನ್ನಲಿಲ್ಲ, ಏನಾಯಿತೆನ್ನಲಿಲ್ಲ. ಯಾರದೋ ಮನೆಯ ಹೊಸ್ತಿಲಲ್ಲಿ ನಿಂತವನ ಹಾಗೆ ಕೇಳಿದ:

"ನಾ ಇಲ್ಲೇ ಕುಂದರ್ಲೇನು?"

ನಾನು ಜರುಗಿದೆ. ಅವನು ಕೂತ. ಒಳಗಿನ ತಂಪು ಇನ್ನೂ ಅವನ ಸ್ವೆಟರಿನಲ್ಲಿತ್ತು, ನನ್ನ ತೋಳಿಗೆ ತಾಗಿತು. ಲಾರಿಯವನು ಬಂದು "ಸಾಹೇಬ್ರ, ಸಹಿ" ಎಂದ. ಮಾಮಾ ಆಮೇಲೆ ಎಂದು ಕೈಸನ್ನೆ ಮಾಡಿದ. ಹಮಾಲರು ಚೀಲ ಹೊತ್ತು ನಮ್ಮ ಮುಂದೆ ಹೋದರು, ಬಂದರು. ಯಾವಾಗಲೋ ನನಗೆ ಅಳು ಬಂತು. ಚೆನ್ನಾಗಿ ಅತ್ತೆ. ಅವನು ಆಗಲೂ ಏನೂ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.

ಎರಡು ದಿನ ಬಿಟ್ಟು ಪ್ರೆಸ್ಸಿನ ಅಣ್ಣಾರು ನನಗೆ ಫೋನು ಮಾಡಿದರು. "ನಿಮ್ಮ ಮಾಮಾರು ಕೊನೇ ಅಧ್ಯಾಯ ಕೊಟ್ಟಾರ್ರಿ. ನೀವು ನೋಡಿ ಹೂಂ ಅಂದ್ರ ಅಷ್ಟ ಮಷೀನ್ ಚಾಲೂ ಮಾಡು ಅಂದಾರ. ಲಗೂ ಬರ್ರಿ, ಹನುಮಪ್ಪ ಕಾಯಾಕತ್ತಾನ."

ರಾಣೆಬೆನ್ನೂರಿಗೆ ಹೋದೆ. ಶಾಯಿಯ ವಾಸನೆಯ ನಡುವೆ ನಿಂತುಕೊಂಡು, ಕೆಂಪು ಪೆನ್ನು ತೆಗೆದು, ಓದಿದೆ.

ಸರದಾರರು ಒಬ್ಬೊಬ್ಬರೇ ಬಂದು ರಾಜನಿಗೆ ಪ್ರಶ್ನೆ ಕೇಳಿ ಹೋಗಿದ್ದಾರೆ. ಹೊಡೆದವನು ಯಾರು, ಯಾವ ಆಯುಧ, ಯಾವ ಔಷಧ ಹಚ್ಚಿದಿರಿ, ಯಾಕೆ ಎಚ್ಚರ ತಪ್ಪಿದಿರಿ. ರಾಜ ಎಲ್ಲದಕ್ಕೂ ಉತ್ತರ ಕೊಟ್ಟಿದ್ದಾನೆ, ಗಾಯ ಹಾಗೇ ಇದೆ. ಕೊನೆಗೆ ನಮ್ಮ ನಾಯಕ ಬರುತ್ತಾನೆ. ದಾರಿಯುದ್ದಕ್ಕೂ ಯೋಚಿಸಿ ತಂದ ಪ್ರಶ್ನೆಗಳೆಲ್ಲ ರಾಜನ ಮುಖ ನೋಡಿದ್ದೇ ಮರೆತುಹೋಗುತ್ತವೆ. ಕೋಟೆಯ ಹಿಂದೆ ಖಾಲಿ ಗೋಣಿಚೀಲಗಳ ಒಟ್ಟಿಲ ಮೇಲೆ ರಾಜ ಒಬ್ಬನೇ ಕೂತಿದ್ದಾನೆ. ನಾಯಕ ಹೆಗಲ ಚೀಲ ಕೆಳಗಿಡುತ್ತಾನೆ. "ನಾ ಇಲ್ಲೇ ಕುಂದರ್ಲೇನ್ರಿ?" ಎಂದು ಕೇಳುತ್ತಾನೆ. ರಾಜ ಸ್ವಲ್ಪ ಜರುಗಿ ಜಾಗ ಕೊಡುತ್ತಾನೆ.

ಅಷ್ಟೇ. ಗಾಯ ಮಾಯಿತೆಂದು ಕೂಡ ಮಾಮಾ ಬರೆದಿರಲಿಲ್ಲ. ಹುಲ್ಲು ಚಿಗುರಿತು ಎಂದಷ್ಟೇ ಬರೆದಿದ್ದ.

"ಏನರ ತಪ್ಪೈತೇನ್ರಿ?" ಎಂದು ಅಣ್ಣಾರು ಕೇಳಿದರು.

ಇತ್ತು. ಆರನೆಯ ಶತಮಾನದ ಇಂಗ್ಲೆಂಡಿನ ಕೋಟೆಯ ಹಿಂದೆ ಗೋಣಿಚೀಲದ ಒಟ್ಟಿಲು ಇರಲು ಸಾಧ್ಯವೇ ಇಲ್ಲ. ಅಲ್ಲಿ ಸೆಣಬು ಎಲ್ಲಿತ್ತು, ನೇಯುವವರು ಎಲ್ಲಿದ್ದರು, ಮೊದಲನೆಯದಾಗಿ ರಾಜನಾದವನು ಅದರ ಮೇಲೆ ಏಕೆ ಕೂರುತ್ತಾನೆ? ನನ್ನ ಇಡೀ ಜೀವಮಾನದಲ್ಲಿ ಇಷ್ಟು ದೊಡ್ಡ ತೂತು ಇಷ್ಟು ಸುಲಭವಾಗಿ ಸಿಕ್ಕಿರಲಿಲ್ಲ.

ಪೆನ್ನಿನ ಮುಚ್ಚಳ ಹಾಕಿದೆ.

"ಇಲ್ರಿ" ಎಂದೆ. "ಛಾಪಸ್ರಿ."